ಒಂದು ಇಳಿದರೆ ಒಂದು ಏರಬೇಕು

ಚಿಕ್ಕೋಡಿಯ ತರಬೇತಿಗೆ ನಾನು ಮನಸ್ಸಿಲ್ಲದೆ ಹೋಗಿದ್ದೆ. ಶಾಲೆ ಆಗಷ್ಟೇ ಶುರುವಾಗಿತ್ತು. ಎಂಟನೆಯ ತರಗತಿಗೆ ಬಂದ ಹೊಸ ಮಕ್ಕಳ ಹೆಸರುಗಳು ಇನ್ನೂ ನನ್ನ ಬಾಯಿಗೆ ಹತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಮೂರು ದಿನದ ತರಬೇತಿ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲ ಕಡೆಯಿಂದಲೂ ಗಣಿತದ ಶಿಕ್ಷಕರು ಬಂದಿದ್ದರು. ಗೋಡೆಯ ಮೇಲೆ ‘ಗಣಿತ ಬೋಧನೆಯಲ್ಲಿ ಗಣಕೀಯ ಚಿಂತನೆ’ ಎಂದು ಬರೆದ ಬ್ಯಾನರು. ನನ್ನ ಪಕ್ಕದಲ್ಲಿ ಕುಳಿತಿದ್ದ ಅಥಣಿ ಕಡೆಯ ಹಿರಿಯ ಶಿಕ್ಷಕರೊಬ್ಬರು ಅದನ್ನು ಓದಿ, “ನಮ್ಮ ಸಾಲ್ಯಾಗ ಎರಡು ಕಂಪ್ಯೂಟರ್ ಅದಾವ್ರಿ. ಒಂದರಾಗ ಇಲಿ ಮರಿ ಹಾಕ್ಯಾವ. ಇನ್ನೊಂದು ಇಟ್ಟ ಖೋಲಿ ಕೀಲಿ ಯಾರ ಕಡೆ ಐತೋ ಗೊತ್ತಿಲ್ಲ,” ಎಂದರು.

ತರಬೇತಿ ಕೊಡಲು ಬಂದವನು ನಮ್ಮೆಲ್ಲರಿಗಿಂತ ಚಿಕ್ಕ ವಯಸ್ಸಿನವನು. ಇದಕ್ಕೆ ಕಂಪ್ಯೂಟರೇ ಬೇಕಾಗಿಲ್ಲ ಎಂದು ಶುರುಮಾಡಿದ. ದೊಡ್ಡ ಲೆಕ್ಕವನ್ನು ತುಂಡು ಮಾಡುವುದು, ಮರಳಿ ಮರಳಿ ಒಂದೇ ಥರ ಬರುವುದನ್ನು ಗುರುತಿಸುವುದು, ಬೇಡದ್ದನ್ನು ಬಿಡುವುದು, ಉಳಿದದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುವುದು, ಇಷ್ಟೇ ಎಂದ. ಇಪ್ಪತ್ತು ವರ್ಷದಿಂದ ನಾನು ಮತ್ತೇನು ಮಾಡುತ್ತಿದ್ದೇನೆ ಎಂದು ಒಳಗೊಳಗೇ ಮುನಿಸಿಕೊಂಡೆ. ಎರಡನೆಯ ದಿನ ಅವನು ಹೇಳಿದ ಒಂದು ಮಾತು ಮಾತ್ರ ತಲೆಯಲ್ಲಿ ಉಳಿಯಿತು. “ಹೆಜ್ಜೆಗಳನ್ನು ಮಕ್ಕಳಿಂದ ಬರೆಸಿ. ಆಮೇಲೆ ಅವರು ಬರೆದಷ್ಟನ್ನೇ ಮಾಡಿ. ನಿಮಗೆ ಗೊತ್ತಿರುವುದನ್ನು ನಡುವೆ ಸೇರಿಸಬೇಡಿ.”

ಆ ಮಾತು ಯಾಕೆ ಉಳಿಯಿತೋ ಆಗ ತಿಳಿಯಲಿಲ್ಲ. ಬಹುಶಃ ನಾನು ಕಲಿತ ರೀತಿ ಅದಕ್ಕೆ ತದ್ವಿರುದ್ಧವಾಗಿತ್ತು. ರಾಯಬಾಗದ ಶಾಲೆಯಲ್ಲಿ ನಾನು ಗಣಿತದಲ್ಲಿ ಜಾಣೆ ಎನಿಸಿಕೊಂಡಿದ್ದೆ. ಗುರುಗಳು ಬೋರ್ಡಿನ ಮೇಲೆ ಹೇಗೆ ಮಾಡುತ್ತಿದ್ದರೋ ಹಾಗೆಯೇ, ಒಂದು ಗೆರೆ ಹೆಚ್ಚುಕಡಿಮೆಯಾಗದಂತೆ ಮಾಡುತ್ತಿದ್ದೆ. ಯಾಕೆ ಎಂದು ಕೇಳಿದ್ದು ನೆನಪಿಲ್ಲ. ಕೇಳದಿದ್ದುದಕ್ಕೇ ಜಾಣೆ ಎನಿಸಿಕೊಂಡಿದ್ದೆನೇನೋ.

ನಮ್ಮ ಹೈಸ್ಕೂಲು ಇರುವುದು ನಿಪ್ಪಾಣಿಯಿಂದ ಬೋರಗಾಂವದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಮಕ್ಕಳ ತಂದೆಯಂದಿರಲ್ಲಿ ಕೆಲವರು ಪವರ್‌ಲೂಮಿಗೆ ಹೋಗುತ್ತಾರೆ, ಕೆಲವರಿಗೆ ಹೊಲವಿದೆ. ತಾಯಂದಿರಲ್ಲಿ ಬಹಳ ಮಂದಿ ಬೀಡಿ ಕಟ್ಟುತ್ತಾರೆ. ಅರ್ಧ ಮಕ್ಕಳ ಮನೆಮಾತು ಕನ್ನಡ, ಇನ್ನರ್ಧ ಮಕ್ಕಳದು ಮರಾಠಿ. ಆಟದ ಬಯಲಿನಲ್ಲಿ ಎರಡೂ ಬೆರೆತ ಮೂರನೆಯದೊಂದು ಭಾಷೆ. ಪ್ರತಿ ವರ್ಷ ಎಂಟನೆಯ ತರಗತಿಗೆ ಬಂದವರಿಗೆ ನಾನು ಜೂನ್ ತಿಂಗಳೆಲ್ಲ ಭಾಗಾಕಾರ ಕಲಿಸುತ್ತಿದ್ದೆ. ಪ್ರತಿ ವರ್ಷ ಅದೇ ತಪ್ಪು: ಎಂಟುನೂರ ಇಪ್ಪತ್ತನಾಲ್ಕನ್ನು ಎಂಟರಿಂದ ಭಾಗಿಸಿದರೆ ಹದಿಮೂರು ಎಂದು ಬರೆಯುವರು. ನಡುವಿನ ಸೊನ್ನೆ ಮಾಯ. “ಸೊನ್ನಿ ಹಾಕ್ರೋ, ಸೊನ್ನಿ!” ಎಂದು ನಾನು ಕೂಗಿದ್ದಕ್ಕೆ ಲೆಕ್ಕವಿಲ್ಲ.

ತರಬೇತಿಯಿಂದ ಬಂದ ವಾರ ಮಕ್ಕಳಿಗೆ ಹೇಳಿದೆ: “ಇವತ್ತ ನಾ ನಿಮ್ಮ ಅಕ್ಕೋರ ಅಲ್ಲ. ಯಂತ್ರ ಅದೀನಿ. ನನಗ ಭಾಗಾಕಾರ ಬರೂದಿಲ್ಲ. ಹೆಂಗ ಮಾಡಬೇಕು ಅಂತ ಹಾಳಿ ಮ್ಯಾಲ ಬರದ ಕೊಡ್ರಿ. ಬರದಷ್ಟs ಮಾಡ್ತೀನಿ.”

ಎಲ್ಲರೂ ಬರೆದರು. ಹಾಳೆಗಳನ್ನು ಕಲಸಿ ಒಂದನ್ನು ಎತ್ತಿಕೊಂಡೆ. ಅದು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿಯದು. ಏಳನೆಯವರೆಗೆ ಮರಾಠಿ ಶಾಲೆಯಲ್ಲಿ ಕಲಿತು ನಮ್ಮಲ್ಲಿಗೆ ಬಂದಿದ್ದಳು. ಕನ್ನಡ ಅಕ್ಷರಗಳು ಅವಳ ಕೈಯಲ್ಲಿ ಇನ್ನೂ ಸೊಟ್ಟಗಿದ್ದವು. ಎರಡು ವಾರದಲ್ಲಿ ಅವಳ ದನಿಯನ್ನು ನಾನು ಹಾಜರಿ ಹೇಳುವಾಗ ಬಿಟ್ಟರೆ ಕೇಳಿರಲಿಲ್ಲ.

824ನ್ನು ಬೋರ್ಡಿನ ಮೇಲೆ ಬರೆದು, ಅವಳ ಹಾಳೆಯನ್ನು ಗಟ್ಟಿಯಾಗಿ ಓದುತ್ತ ಮಾಡತೊಡಗಿದೆ. ಮೊದಲ ಅಂಕಿ ಎಂಟು. ಎಂಟು ಒಂದ್ಲೆ ಎಂಟು. ಮೇಲೆ ಒಂದು ಬರೆದೆ, ಕಳೆದೆ. ಮುಂದಿನ ಸಾಲು: “ಮುಂದಿನ ಅಂಕಿ ಖಾಲಿ ತಗೋ.”

ಡಸ್ಟರ್ ತೆಗೆದುಕೊಂಡು ಎರಡನ್ನು ಒರೆಸಿ ಖಾಲಿ ಮಾಡಿಬಿಟ್ಟೆ.

ತರಗತಿ ಹೋ ಎಂದು ನಕ್ಕಿತು. ಹುಡುಗಿ ತಲೆ ತಗ್ಗಿಸಿದಳು. ನಾನು ಡಸ್ಟರ್ ಕೆಳಗಿಟ್ಟು ಮುಂದಿನ ಸಾಲು ಓದಲು ಹೊರಟೆ. ಆಗ ಅವಳು ಎದ್ದಳು. ಮುಖ ಕೆಂಪಾಗಿತ್ತು, ಅಳು ಬಂದಿತ್ತೋ ಸಿಟ್ಟು ಬಂದಿತ್ತೋ ಹೇಳುವುದು ಕಷ್ಟ.

“ಬಾಯಿ, ಅಂಕಿ ಪುಸೂದಲ್ರಿ! ಖಾಲಿ ಅಂದ್ರ ಖಾಲಿ. ಹಿಂಗ!” ಎಂದು ಕೈಯನ್ನು ಮೇಲಿನಿಂದ ಕೆಳಕ್ಕೆ ಇಳಿಸಿ ತೋರಿಸಿದಳು. ಶಿಕ್ಷಕಿಯರನ್ನು ಕರೆಯುವ ಮರಾಠಿ ಶಾಲೆಯ ರೂಢಿಯಂತೆ ಅವಳು ನನ್ನನ್ನು ಬಾಯಿ ಎಂದೇ ಕರೆಯುತ್ತಿದ್ದಳು.

ಆಗ ಹೊಳೆಯಿತು. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ಇಷ್ಟು ವರ್ಷ ಈ ಭಾಗದಲ್ಲಿದ್ದ ನನಗೆ ಅದು ಗೊತ್ತಿಲ್ಲದ ಶಬ್ದವೇನಲ್ಲ. ಆ ಗಳಿಗೆಯಲ್ಲಿ ಮಾತ್ರ ಕನ್ನಡದ ಖಾಲಿಯೇ ಕಿವಿಗೆ ಬಿದ್ದಿತ್ತು. “ಖಾಲಿ ಅಂದ್ರ ಕೆಳಗ ಅಂತ ಯಾರ್‌ಯಾರಿಗೆ ಗೊತ್ತೈತಿ?” ಎಂದು ಕೇಳಿದೆ. ಅರ್ಧ ಕೈಗಳು ಎದ್ದವು.

“ಈಕಿ ಬರದದ್ದು ತಪ್ಪಲ್ಲ. ಯಂತ್ರ ಮಾಡಿದ್ದೂ ತಪ್ಪಲ್ಲ. ಶಬ್ದಕ್ಕ ಎರಡು ಅರ್ಥ ಇದ್ದರ ಯಂತ್ರ ಏನ್ ಮಾಡಬೇಕು?” ಎಂದೆ.

ಮುಂದಿನ ಬೆಂಚಿನವನೊಬ್ಬ, “ಕನ್ನಡದಾಗ ಬರೀಬೇಕ್ರಿ,” ಎಂದ. ಅವಳು ಅವನ ಕಡೆ ತಿರುಗಿ, “ಮರಾಠಿ ಯಂತ್ರ ಇದ್ರ?” ಎಂದಳು. ಉತ್ತರಕ್ಕೆ ಕಾಯದೆ ಬೋರ್ಡಿಗೆ ಬಂದು, ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಒರೆಸಿಹೋದ ಎರಡನ್ನು ಮತ್ತೆ ಬರೆದು ಅದರ ಕೆಳಗೆ ಒಂದು ಬಾಣ ಎಳೆದಳು. “ಬಾಣಕ್ಕ ಎರಡು ಅರ್ಥ ಇಲ್ಲ.”

ನಾನು ಚಪ್ಪಾಳೆ ತಟ್ಟಿದೆ. ನನ್ನ ಹಿಂದೆ ತರಗತಿಯೂ ತಟ್ಟಿತು.

ಮರುದಿನ ಬಾಣ ಹಾಕಿದ ಹೆಜ್ಜೆಗಳಿಂದ ಅದೇ ಲೆಕ್ಕ ಮಾಡಿದೆವು. ಎರಡು ಕೆಳಗಿಳಿಯಿತು. ಎಂಟಕ್ಕೆ ಎರಡು ಸಾಲದು. ಹೆಚ್ಚಿನವರ ಹಾಳೆಯಲ್ಲಿ ಇದ್ದ ಮುಂದಿನ ಹೆಜ್ಜೆ: “ಸಾಲದಿದ್ದರೆ ಇನ್ನೊಂದು ಅಂಕಿ ಇಳಿಸು.” ನಾಲ್ಕನ್ನು ಇಳಿಸಿದೆ. ಇಪ್ಪತ್ತನಾಲ್ಕು, ಎಂಟು ಮೂರ್ಲೆ. ಉತ್ತರ ಹದಿಮೂರು. “ಯಂತ್ರ ಬರದಷ್ಟs ಮಾಡೇತಿ. ಎಡವಟ್ಟು ಎಲ್ಲೈತಿ ಹುಡುಕ್ರಿ,” ಎಂದು ಕುರ್ಚಿಯ ಮೇಲೆ ಕುಳಿತೆ. ಸುಮ್ಮನೆ ಕೂರುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಸೊನ್ನಿ ಎಂಬ ಶಬ್ದ ಗಂಟಲಿಗೆ ಬಂದು ಬಂದು ಹೋಗುತ್ತಿತ್ತು.

ಅವರು ಗುಂಪುಗುಂಪಾಗಿ ಜಗಳಾಡಿದರು. ಹದಿಮೂರನ್ನು ಎಂಟರಿಂದ ಗುಣಿಸಿ ನೋಡಿ ನೂರನಾಲ್ಕು ಬಂತೆಂದು ಬೆಚ್ಚಿದರು. ಗಂಟೆ ಬಾರಿಸುವ ಸ್ವಲ್ಪ ಮುಂಚೆ ಅದೇ ಹುಡುಗಿ ಮತ್ತೆ ಎದ್ದಳು. “ಬಾಯಿ, ಕೆಳಗ ಎರಡು ಅಂಕಿ ಇಳದಾವ. ಮ್ಯಾಲ ಒಂದs ಅಂಕಿ ಹೋಗೇತಿ. ಒಂದು ಇಳದ್ರ ಒಂದು ಏರಬೇಕು. ಎಂಟು ಎಷ್ಟ ಸಲ ಹೋತು? ಒಂದು ಸಲಾನೂ ಹೋಗಲಿಲ್ಲ. ಅದನ್ನೂ ಬರೀಬೇಕು.”

ಇಪ್ಪತ್ತು ವರ್ಷ ನಾನು ಸೊನ್ನೆ ಹಾಕಿ ಎಂದಿದ್ದೆನೇ ಹೊರತು, ಸೊನ್ನೆ ಯಾಕೆ ಹಾಕಬೇಕೆಂದು ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ಆ ವಾಕ್ಯವನ್ನು ಬೋರ್ಡಿನ ಮೂಲೆಯಲ್ಲಿ ಬರೆಸಿದೆ. ಅದರ ಮೇಲೆ ಇನ್ನೊಂದು ದಿನ ಜಗಳವಾಯಿತು. ನೂರ ಅರವತ್ತೆಂಟನ್ನು ಎಂಟರಿಂದ ಭಾಗಿಸುವಾಗ ಮೊದಲ ಅಂಕಿ ಒಂದಕ್ಕೂ ಸೊನ್ನೆ ಏರಬೇಕಲ್ಲ, ಉತ್ತರ 021 ಆಗುತ್ತದಲ್ಲ ಎಂದು ಒಬ್ಬ ತಕರಾರು ತೆಗೆದ. ಮೊದಲನೆಯದಕ್ಕೆ ಬೇರೆ ನಿಯಮ ಮಾಡೋಣ ಎಂದು ಕೆಲವರು. ಬೇಡ, ನಿಯಮ ಒಂದೇ ಇರಲಿ, ಮೊದಲಲ್ಲಿರುವ ಸೊನ್ನೆಯಿಂದ ಯಾರಿಗೂ ತೊಂದರೆಯಿಲ್ಲ, ಕೊನೆಗೆ ಒರೆಸಿದರಾಯಿತು ಎಂದು ಉಳಿದವರು. ಎರಡನೆಯ ಗುಂಪು ಗೆದ್ದಿತು. ನಾನು ಬಾಯಿ ಹಾಕಲಿಲ್ಲ. ಆ ವರ್ಷ ನಮ್ಮ ಮಕ್ಕಳಲ್ಲಿ ಹಲವರು ಭಾಗಲಬ್ಧದ ಮೊದಲಲ್ಲಿ ಸೊನ್ನೆ ಬರೆದು ಒಂದು ಗೀಟು ಹಾಕಿ ಹೊಡೆದಿರುತ್ತಿದ್ದರು. ಆ ಗೀಟು ಕಂಡಾಗಲೆಲ್ಲ ನನಗೆ ಖುಷಿ.

ಎಲ್ಲವೂ ಹೀಗೆ ನಡೆಯಿತು ಎಂದರೆ ಸುಳ್ಳಾಗುತ್ತದೆ. ಮುಂದೆ ಕ್ಷೇತ್ರಫಲದ ಪಾಠಕ್ಕೆ ಇದನ್ನೇ ಹಚ್ಚಲು ಹೋಗಿ ಕೆಡಿಸಿದೆ. ಹೆಜ್ಜೆ ಬರೆಯುವುದರಲ್ಲೇ ವಾರ ಕಳೆದು ಮಕ್ಕಳಿಗೆ ಬೇಸರ ಬಂದು, ಹಿಂದಿನ ಬೆಂಚಿನಲ್ಲಿ ಇಬ್ಬರು ನಿದ್ದೆ ಮಾಡಿದರು. ಕಾಗದ ಕತ್ತರಿಸಿ ತೋರಿಸಿದ್ದರೆ ಹತ್ತು ನಿಮಿಷದ ಕೆಲಸ. ಎಲ್ಲಿ ಯಂತ್ರವಾಗಬೇಕು, ಎಲ್ಲಿ ಕತ್ತರಿ ಹಿಡಿಯಬೇಕು ಎನ್ನುವುದು ನಿಧಾನವಾಗಿ ತಿಳಿಯಿತು.

ಆಗಸ್ಟಿನಲ್ಲಿ ನಮ್ಮ ಹೆಡ್ ಸರ್ ನನ್ನನ್ನು ಆಫೀಸಿಗೆ ಕರೆದರು. ಸಮಾಜ ವಿಜ್ಞಾನ ಕಲಿಸುವ ಅವರು ಒಳ್ಳೆಯ ಮನುಷ್ಯರು, ಆದರೆ ಪಾಠ ಉಳಿದರೆ ನಿದ್ದೆ ಮಾಡದವರು.

“ಮೇಡಂ, ಎಂಟನೇದವರು ಇನ್ನಾ ಭಾಗಾಕಾರದಾಗ ಅದಾರ ಅಂತಲ್ರಿ. ಸಿಲೆಬಸ್ ಯಾರ್ ಮುಗಸ್ತಾರ?”

“ನಾನs ಮುಗಸ್ತೀನ್ರಿ, ಸರ್. ನಾಳಿಂದ ಸಮೀಕರಣ.”

“ನಾಳೆ ನಾನೂ ಬಂದು ನೋಡ್ತೀನಿ,” ಎಂದರು. ಬಂದರು ಕೂಡ.

ಆ ದಿನ ಹೊತ್ತು ಉಳಿಸಬೇಕೆಂದು ಹೆಜ್ಜೆಗಳನ್ನು ನಾನೇ ಬರೆದೆ. ಯಂತ್ರವಾಗಲು ಆ ಹುಡುಗಿಯನ್ನು ಕರೆದೆ. ಇಷ್ಟು ದಿನದಲ್ಲಿ ತರಗತಿಯ ಎಡವಟ್ಟು ಹುಡುಕುವವಳು ಎಂಬ ಹೆಸರು ಅವಳಿಗೆ ಬಂದಿತ್ತು. ನಾನು ಬರೆದದ್ದು ಇಷ್ಟು: x ಒಂದನ್ನೇ ಎಡಗಡೆ ಬಿಡು. ಅದರ ಜೊತೆಗಿರುವ ಸಂಖ್ಯೆಯನ್ನು ಬಲಗಡೆಗೆ ಒಯ್ಯಿ. ಆ ಕಡೆ ಹೋದ ಕೂಡಲೇ ಚಿಹ್ನೆ ಬದಲಿಸು; ಅಧಿಕವಿದ್ದರೆ ಋಣ, ಋಣವಿದ್ದರೆ ಅಧಿಕ. ಇದೇ ವಾಕ್ಯವನ್ನು ನಾನು ಪ್ರತಿ ವರ್ಷ ಹೇಳುತ್ತಿದ್ದೆ, ನನಗೂ ಹೀಗೆಯೇ ಹೇಳಿದ್ದರು.

x + 5 = 12. ಅವಳು ಐದನ್ನು ಆಚೆ ಒಯ್ದು ಏಳು ಎಂದು ಬರೆದಳು. x − 4 = 9. ಹದಿಮೂರು. ಹೆಡ್ ಸರ್ ಬಾಗಿಲಲ್ಲಿ ನಿಂತು ತಲೆಯಾಡಿಸಿದರು. ನಾನು ಉಮೇದಿನಿಂದ 3x = 12 ಬರೆದೆ.

ಹುಡುಗಿ ಒಂದು ಗಳಿಗೆ ನನ್ನ ಹೆಜ್ಜೆಗಳನ್ನು ನೋಡಿದಳು. ಆಮೇಲೆ ಮೂರನ್ನು ಬಲಗಡೆಗೆ ಒಯ್ದಳು. ಅದರ ಹಿಂದೆ ಯಾವ ಚಿಹ್ನೆಯೂ ಇರಲಿಲ್ಲ, ಅಂದರೆ ಅಧಿಕ. ಬದಲಿಸಿದಳು. x = 12 − 3. “ಒಂಬತ್ತು ಬಂತು, ಬಾಯಿ.”

ಮೂರು ಒಂಬತ್ತಲೆ ಇಪ್ಪತ್ತೇಳು ಎಂದು ಯಾರೋ ಹಿಂದಿನಿಂದ ಕೂಗಿದರು. ಹೆಡ್ ಸರ್ ನಗು ತಡೆಯಲಾರದೆ, “ಯಂತ್ರ ಕೆಟ್ಟೈತೋ, ನಡಸೋವರ ಕೆಟ್ಟಾರೋ?” ಎಂದರು.

ನನ್ನ ಕಿವಿ ಬಿಸಿಯಾಯಿತು. ನಗೆಪಾಟಲಾದದ್ದಕ್ಕಲ್ಲ. ಪ್ರತಿ ವರ್ಷ ಕೆಲವು ಮಕ್ಕಳು ಉತ್ತರಪತ್ರಿಕೆಯಲ್ಲಿ ಹೀಗೆಯೇ ಒಂಬತ್ತು ಎಂದು ಬರೆಯುತ್ತಿದ್ದರು. ಗಮನವಿಲ್ಲದ ಮಕ್ಕಳು ಎಂದು ಕೆಂಪು ಗೀಟು ಎಳೆದು ನಾನು ಮುಂದೆ ಹೋಗುತ್ತಿದ್ದೆ. ಅವರಿಗೆ ಗಮನವಿತ್ತು. ನಾನು ಹೇಳಿದ್ದನ್ನು ಹೇಳಿದಷ್ಟೇ ಮಾಡಿದ್ದರು.

“ಯಂತ್ರ ಛಲೋ ಐತ್ರಿ, ಸರ್,” ಎಂದೆ. “ನನ್ನ ಹೆಜ್ಜಿ ತಪ್ಪೈತಿ.” ಮಕ್ಕಳ ಮುಂದೆ ಅದನ್ನು ಹೇಳಿದ ಮೇಲೆ ಹಗುರಾಯಿತು. “ಈಗ ನೀವs ಸರಿ ಮಾಡ್ರಿ.”

ದಾಟಿದರೆ ಚಿಹ್ನೆ ಯಾಕೆ ಬದಲಾಗುತ್ತದೆ ಎಂದು ಅವರು ನನ್ನನ್ನು ಕೇಳಿದರು. ನಾನು ತಿರುಗಿ ಅವರನ್ನೇ ಕೇಳಿದೆ. ಕೊನೆಗೆ ಮುಂದಿನ ಬೆಂಚಿನ ಹುಡುಗ, “ಅದು ದಾಟಂಗಿಲ್ರಿ, ಅಕ್ಕೋರ. ಎರಡೂ ಕಡೆಯಿಂದ ಐದೈದು ತೆಗದ್ವಿ. ಈ ಕಡೆ ಮುಗೀತು, ಆ ಕಡೆ ಕಡಿಮಿ ಆತು,” ಎಂದ. “ಹಂಗಾರ ಮೂರು ಪಟ್ಟು ಇದ್ದದ್ದನ್ನ ಎರಡೂ ಕಡೆ ಮೂರು ಪಾಲು ಮಾಡಬೇಕು,” ಎಂದು ಹುಡುಗಿ ಮುಗಿಸಿದಳು. ನನ್ನ ಮೂರು ಹೆಜ್ಜೆಗಳನ್ನು ಅಳಿಸಿ ಒಂದೇ ಹೆಜ್ಜೆ ಬರೆದರು: ಒಂದು ಕಡೆ ಏನು ಮಾಡುತ್ತೀಯೋ ಇನ್ನೊಂದು ಕಡೆಯೂ ಅದನ್ನೇ ಮಾಡು. ನೋಡಿದರೆ ಹೆಡ್ ಸರ್ ಹಿಂದಿನ ಬೆಂಚಿನಲ್ಲಿ ಕುಳಿತು ತಮ್ಮ ಡೈರಿಯಲ್ಲಿ 3x = 12 ಬಿಡಿಸುತ್ತಿದ್ದರು. ಗಂಟೆ ಬಾರಿಸಿದರೂ ಏಳಲಿಲ್ಲ.

ಚಿಕ್ಕೋಡಿಯಲ್ಲಿ ಗಣಿತ ಶಿಕ್ಷಕರ ಸಭೆ ನಡೆದಾಗ ನಮ್ಮ ಶಾಲೆಯಿಂದ ಒಂದು ಮಾದರಿ ಪಾಠ ಆಗಲಿ ಎಂದು ಸೂಚಿಸಿದವರೂ ಅವರೇ. ಆ ಹೊತ್ತಿಗೆ ಮಕ್ಕಳು ಒಂಬತ್ತನೆಯಲ್ಲಿದ್ದರು. ಹುಡುಗಿಯನ್ನು ಕರೆದೊಯ್ಯಲು ಒಪ್ಪಿಗೆ ಕೇಳಲು ಅವಳ ಮನೆಗೆ ಹೋದೆ. ತಾಯಿ ಮೊರದಲ್ಲಿ ತಂಬಾಕು ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. “ಪೋರಿ ಮಂದ್ಯಾಗ ಮಾತಾಡಾಕ ಅಂಜ್ತಾಳ್ರಿ, ಬಾಯಿ. ಅಷ್ಟ ಮಾಸ್ತರ ಮಂದಿ ಮುಂದ ಹೆಂಗ ನಿಂದರ್ತಾಳ?” ಎಂದು ಅವರಿಗೆ ಚಿಂತೆ. “ಆಯಿ, ನಾ ಮಾತಾಡಂಗಿಲ್ಲ. ಅವರು ಬರದಷ್ಟs ಮಾಡ್ತೀನಿ,” ಎಂದು ಒಳಗಿನಿಂದ ಮಗಳ ದನಿ ಬಂತು.

ಸಭೆಯಲ್ಲಿ ಅವಳನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಕೈಗೆ ಬೋರ್ಡಿನ ದೊಡ್ಡ ಕೈವಾರ ಕೊಟ್ಟು, ಶಿಕ್ಷಕರಿಗೆ ಹೇಳಿದೆ: ಒಂದು ರೇಖಾಖಂಡವನ್ನು ಲಂಬವಾಗಿ ಸರಿಯಾಗಿ ಅರ್ಧ ಮಾಡುವ ಹೆಜ್ಜೆಗಳನ್ನು ಬರೆದುಕೊಡಿ. ನಾನು ಮೊದಲು ಹೇಳಿದ ಅಥಣಿ ಕಡೆಯ ಹಿರಿಯರೇ ಮುಂದೆ ಬಂದರು. ಮೂವತ್ತು ವರ್ಷದ ಅನುಭವ, ಮುತ್ತಿನಂಥ ಅಕ್ಷರ. ಅರ್ಧಕ್ಕಿಂತ ಹೆಚ್ಚು ತ್ರಿಜ್ಯ ತೆಗೆದುಕೊಂಡು ಎಡತುದಿಯಿಂದ ಮೇಲೆ ಕೆಳಗೆ ಕಂಸ ಎಳೆ, ಹಾಗೆಯೇ ಬಲತುದಿಯಿಂದ ಅರ್ಧಕ್ಕಿಂತ ಹೆಚ್ಚು ತ್ರಿಜ್ಯ ತೆಗೆದುಕೊಂಡು ಕಂಸ ಎಳೆ, ಕೂಡಿದ ಬಿಂದುಗಳನ್ನು ಸೇರಿಸು ಎಂದು ಬರೆದರು.

ಹುಡುಗಿ ಎಡತುದಿಯಿಂದ ಕಂಸ ಎಳೆದಳು. ಬಲತುದಿಗೆ ಹೋಗುವ ಮುಂಚೆ ಕೈವಾರವನ್ನು ಇನ್ನಷ್ಟು ಅಗಲಿಸಿದಳು. ಸಭೆಯಲ್ಲಿ ಗುಸುಗುಸು. ಕಂಸಗಳು ಕೂಡಿದವು, ಗೆರೆ ಎಳೆದಳು. ಅದು ನಡುವಿನಿಂದ ಗೇಣುದ್ದ ಎಡಕ್ಕೆ ಬಿದ್ದಿತ್ತು.

“ತಂಗಿ, ಅಳತಿ ಯಾಕ ಬದಲ ಮಾಡಿದಿ?” ಎಂದು ಹಿರಿಯರು ಕೇಳಿದರು.

“ಬದಲ ಮಾಡಬ್ಯಾಡ ಅಂತ ನೀವು ಬರದಿಲ್ರಿ, ಸರ್. ಎರಡೂ ಅರ್ಧಕ್ಕಿಂತ ಹೆಚ್ಚs ಅದಾವು.”

ಸಭೆ ನಕ್ಕಿತು. ಅವರು ನಗಲಿಲ್ಲ. ಎದ್ದು ಬೋರ್ಡಿನ ಹತ್ತಿರ ಬಂದು, ಮೂಲೆಮಟ್ಟ ಇಟ್ಟು ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದರು: “ಅರ್ಧ ಆಗಿಲ್ಲ, ಖರೆ. ಆದ್ರ ಲಂಬ ಆಗೇತಿ ನೋಡ್ರಿ! ತ್ರಿಜ್ಯ ಒಂದs ಇದ್ದದ್ದು ಅರ್ಧಕ್ಕ ಬೇಕು, ಲಂಬಕ್ಕ ಬ್ಯಾಡ. ಮೂವತ್ತು ವರ್ಷ ಇದನ್ನ ಕಲಿಸೀನಿ, ಇದು ನನಗ ಕಂಡಿದ್ದಿಲ್ಲ.” ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟರು. ಅರ್ಧ ಗಂಟೆ ಅಂದುಕೊಂಡ ಪಾಠ ಊಟದ ಹೊತ್ತು ಮೀರಿ ನಡೆಯಿತು. ಕಾಗವಾಡದವರು ರಾಯಬಾಗದವರ ಹೆಜ್ಜೆಗಳಲ್ಲಿ ಎಡವಟ್ಟು ಹುಡುಕಿದರು, ರಾಯಬಾಗದವರು ಕಾಗವಾಡದವರಲ್ಲಿ. ನಾನು ಗೋಡೆಗೊರಗಿ ನಿಂತು, ನನ್ನ ವಿದ್ಯಾರ್ಥಿನಿ ಒಬ್ಬರಾದ ಮೇಲೊಬ್ಬರಂತೆ ಮಾಸ್ತರುಗಳ ಹಾಳೆ ಓದುವುದನ್ನು ನೋಡುತ್ತಿದ್ದೆ. ಅಷ್ಟು ಹೆಮ್ಮೆ ನನಗೆ ನನ್ನ ಸ್ವಂತ ಪದವಿಯ ದಿನವೂ ಆಗಿರಲಿಲ್ಲ.

ನಿಪ್ಪಾಣಿ ಬಸ್ಸಿನಲ್ಲಿ ಕೇಳಿದೆ: “ಕೈವಾರ ಅಗಲ ಮಾಡಿದ್ದು ಬೇಕಂತನs ಏನ?”

ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದವಳು ನಕ್ಕಳು. “ಮತ್ತ? ತಪ್ಪೋ ದಾರಿ ಬಿಟ್ಟಿದ್ರು, ಬಾಯಿ. ಯಂತ್ರ ಅದನ್ನ ಹಿಡೀಬೇಕಲ್ಲ.”

ಆ ಮಕ್ಕಳ ಹತ್ತನೆಯ ಫಲಿತಾಂಶ ಬಂದಾಗ ಇಬ್ಬರು ಗಣಿತದಲ್ಲಿ ಉಳಿದರು; ಮತ್ತೆ ಬರೆದು ಪಾಸಾದರು. ಅವಳಿಗೆ ಒಳ್ಳೆಯ ಅಂಕ ಬಂದವು. ಈಗ ನಿಪ್ಪಾಣಿಯಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಅಥಣಿಯ ಹಿರಿಯರು ಆಗೀಗ ಫೋನ್ ಮಾಡಿ ತಮ್ಮ ತರಗತಿಯ ಜಗಳಗಳನ್ನು ಹೇಳುತ್ತಾರೆ, ನನ್ನದನ್ನೂ ಕೇಳುತ್ತಾರೆ. ನಮ್ಮ ಹೆಡ್ ಸರ್ ಹೊಸ ಶಿಕ್ಷಕರು ಯಾರು ಬಂದರೂ ಮೊದಲು ನನ್ನ ತರಗತಿಗೆ ಕಳಿಸುತ್ತಾರೆ.

ಫಲಿತಾಂಶದ ವಾರ ಅವಳ ತಾಯಿ ಶಾಲೆಗೆ ಬಂದಿದ್ದರು, ಒಂದು ಡಬ್ಬಿ ಶೇಂಗಾ ಹೋಳಿಗೆ ಹಿಡಿದುಕೊಂಡು. ಮಗಳನ್ನು ಹೊಗಳುತ್ತಾರೆಂದುಕೊಂಡರೆ ದೂರು ಹೇಳಿದರು.

“ಮನ್ಯಾಗ ನನಗೂ ಬಿಡೂದಿಲ್ರಿ, ಬಾಯಿ. ‘ಸ್ವಲ್ಪ ಉಪ್ಪು ಹಾಕು’ ಅಂದ್ರ, ‘ಆಯಿ, ಸ್ವಲ್ಪ ಅಂದ್ರ ಎಷ್ಟ?’ ಅಂತಾಳ. ಏನ್ ಕಲಿಸೀರಿ ಇಕಿಗೆ?”

ದೂರುತ್ತಲೇ ಅವರ ಮುಖ ಅರಳಿತ್ತು. “ಇನ್ನಷ್ಟು ಕೇಳ್ತಾಳ್ರಿ, ತಯಾರಿರ್ರಿ,” ಎಂದೆ. ಇಬ್ಬರೂ ನಕ್ಕೆವು. ಹೋಳಿಗೆಯನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿದೆ, ಯಾಕೆಂದು ಕೇಳಿದವರಿಗೆಲ್ಲ ಮೊದಲಿನಿಂದ ಕಥೆ ಹೇಳಿದೆ.